ದೊಡ್ಡ ಟೀಚರ ಮಳೆಗಾಲದ ಭಾನುವಾರಗಳು

ಕಾಸರಗೋಡಿನ ಹೆಣ್ಣುಮಕ್ಕಳ ಶಾಲೆಗೆ ನಾನು ಕೆಲಸಕ್ಕೆ ಸೇರಿದಾಗ ಅಲ್ಲಿದ್ದದ್ದು ನಾಲ್ಕೇ ಮಂದಿ ಟೀಚರುಗಳು. ಹೆಡ್‌ಮಿಸ್ಟ್ರೆಸ್ ಎಂಬ ಶಬ್ದಕ್ಕೆ ಮಕ್ಕಳ ನಾಲಗೆ ಹೊರಳುತ್ತಿರಲಿಲ್ಲ. ಹಾಗಾಗಿ ಅವರು ದೊಡ್ಡ ಟೀಚರು. ಕೊನೆಗೆ ಬಂದ ನಾನು ಸಣ್ಣ ಟೀಚರು. ಆಕಾರದಲ್ಲಿ ಮಾತ್ರ ಅದು ತಿರುಗುಮುರುಗು. ನಾನು ಉದ್ದಕ್ಕೆ ಬೆಳೆದವಳು, ಅವರು ನನ್ನ ಭುಜದವರೆಗೆ ಬರುತ್ತಿದ್ದರು. ಅವರು ಕಾರು ಬಿಡುವಾಗ ಹೊರಗಿನವರಿಗೆ ಕಾಣುತ್ತಿದ್ದದ್ದು ಒಂದು ತುರುಬು ಮತ್ತು ಸ್ಟಿಯರಿಂಗಿನ ಮೇಲಿನ ಎರಡು ಕೈಗಳು. ರಸ್ತೆ ಸರಿಯಾಗಿ ಕಾಣಲೆಂದು ಎರಡು ಹಳೆಯ ಹಾಜರಿ ಪುಸ್ತಕಗಳನ್ನು ಕಂಬಳಿಯ ತುಂಡಿನಲ್ಲಿ ಸುತ್ತಿ, ಅದರ ಮೇಲೆ ಕೂರುತ್ತಿದ್ದರು.

“ಇವರೆಲ್ಲ ಶಾಲೆಗೆ ಸರಿಯಾಗಿ ಬಾರದ ಮಕ್ಕಳು. ಈಗಾದರೂ ಉಪಯೋಗಕ್ಕೆ ಬರ್ಲಿ” ಎನ್ನುತ್ತಿದ್ದರು.

ಅವರು ತೀರಿಕೊಂಡು ಬಹಳ ಕಾಲವಾಯಿತು. ಮೊನ್ನೆ ಆ ಶಾಲೆಯಲ್ಲಿ ಕಲಿತವರೊಬ್ಬರು ಮನೆಗೆ ಬಂದು, ಅವರ ಸೇವೆಯ ಬಗ್ಗೆ ಎರಡು ಮಾತು ಬರೆದುಕೊಡಿ ಎಂದರು. ಸೇವೆಯ ಬಗ್ಗೆ ಬರೆಯಬಲ್ಲವರು ಬೇರೆ ಇದ್ದಾರೆ. ಕಾಗದ ತೆಗೆದುಕೊಂಡು ಕುಳಿತರೆ ನನಗೆ ನೆನಪಾಗುವುದು ಆ ಕಾರು, ಆ ಮಳೆ, ಮತ್ತು ನಾನು ಅವರ ಹತ್ತಿರ ಮಾತು ಬಿಟ್ಟ ಒಂದು ವರ್ಷ.

ಕಾರು ಅವರ ಅಣ್ಣನದ್ದು. ಅಣ್ಣ ಕಾಸರಗೋಡಿನ ಕೋರ್ಟಿನಲ್ಲಿ ವಕೀಲರಾಗಿದ್ದವರು. ಅವರು ತೀರಿಹೋದ ಮೇಲೆ ಕಾರು ಶೆಡ್ಡಿನಲ್ಲಿ ನಿಂತಿತು. ಒಂದು ದಿನ ದೊಡ್ಡ ಟೀಚರು ಶೆಡ್ಡಿನ ಬಾಗಿಲು ತೆಗೆದು ನೋಡಿದರೆ ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತಂತೆ. ಮರಿ ಆಗುವವರೆಗೆ ಕಾದರು. ಆಮೇಲೆ ಕೋಳಿಯನ್ನೂ ಮರಿಗಳನ್ನೂ ಬುಟ್ಟಿಗೆ ಹಾಕಿ, ಬಸ್ಸು ಬಿಡುವ ಕೆಲಸದಿಂದ ನಿವೃತ್ತರಾಗಿದ್ದ ಮುದುಕರೊಬ್ಬರನ್ನು ಕರೆಸಿ, ತಾಳಿಪಡ್ಪಿನ ಮೈದಾನದಲ್ಲಿ ಕಾರು ಬಿಡಲು ಕಲಿತರು. ಆಗ ಅವರಿಗೆ ನಲ್ವತ್ತೈದು ದಾಟಿತ್ತು. ಮೊದಲ ವಾರ ನೋಡಲು ಜನ ಸೇರುತ್ತಿದ್ದರಂತೆ. ಎರಡನೆಯ ವಾರ ಆಡುಗಳು ಮಾತ್ರ.

ಬೇಸಿಗೆಯಲ್ಲಿ ಅವರು ಕಾರು ತೆಗೆಯುತ್ತಿದ್ದದ್ದು ಕಡಿಮೆ. ಮಳೆ ಹಿಡಿದ ಮೇಲೆ ಮಾತ್ರ ಭಾನುವಾರ ತಪ್ಪುತ್ತಿರಲಿಲ್ಲ. ಎಂಟು ಗಂಟೆಗೆ ಹೊರಟು, ನಾಯ್ಮಾರ್ಮೂಲೆಯಲ್ಲಿ ಕೆಟ್ಲಿಗೆ ಚಹಾ ತುಂಬಿಸಿಕೊಂಡು, ಚೆರ್ಕಳದಲ್ಲಿ ತಿರುಗಿ, ಬೋವಿಕ್ಕಾನ ಮುಳ್ಳೇರಿಯಾ ಎಂದು ಗುಡ್ಡೆ ಹತ್ತುವುದು. ಶಾಲೆಯ ಆಯಾ ಕಲ್ಯಾಣಿ ಕೆಟ್ಲಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂರುತ್ತಿದ್ದಳು. ನಾನು ಸೇರಿದ ಹೊಸತರಲ್ಲಿ ಒಂದು ಶನಿವಾರ ನನ್ನನ್ನು ಕರೆದು, “ನಿನ್ನ ಕೈ ಗಟ್ಟಿ ಉಂಟಾ?” ಎಂದು ಕೇಳಿದರು. ಎಂತಕ್ಕೆಂದು ತಿಳಿಯದೆ ಹೌದೆಂದೆ. ಆ ಕಾರಿನ ವೈಪರನ್ನು ಒಳಗೆ ಕೂತವರು ಕೈಯಲ್ಲೇ ತಿರುಗಿಸಬೇಕಿತ್ತು. ಹಾಗೆ ನನಗೆ ಮುಂದಿನ ಸೀಟು ಸಿಕ್ಕಿತು. ಮೊದಲ ಭಾನುವಾರ ಸಂಜೆ ಮನೆಗೆ ಬಂದು ಅನ್ನ ಕಲಸಲು ನನ್ನ ಕೈ ಏಳಲಿಲ್ಲ. ನಾನಿದ್ದದ್ದು ಪೇಟೆಯಲ್ಲಿ, ಚಿಕ್ಕಮ್ಮನ ಮನೆಯಲ್ಲಿ. “ಓದಿ ಟೀಚರಾಗಿ ಈಗ ಕಾರಿನ ಗ್ಲಾಸು ಒರಸುವ ಕೆಲಸವಾ?” ಎಂದು ಚಿಕ್ಕಮ್ಮ ಕೇಳಿದರು.

ನಾನು ಗುಡ್ಡೆಯ ಕಡೆಯಿಂದಲೇ ಬಂದವಳು. ಆದೂರಿನಿಂದ ಮುಂದಕ್ಕೆ ಮಣ್ಣಿನ ಮಾರ್ಗದಲ್ಲಿ ನಾಲ್ಕೈದು ಮೈಲಿ ಹೋದರೆ ಸಿಗುವ ಮೂರು ಅಂಗಡಿಗಳ ಜಂಕ್ಷನಿನಲ್ಲಿ ನನ್ನ ಅಪ್ಪ ಬಟ್ಟೆ ಹೊಲಿಯುತ್ತಿದ್ದರು. ಮಳೆಗಾಲದ ಗುಡ್ಡೆ ಎಂದರೆ ನನಗೆ ಜಿಗಣೆ, ಒಣಗದ ಬಟ್ಟೆ, ಶಾಲೆಗೆ ಹೋಗಲಾಗದ ದಿನಗಳು. ನೋಡುವಂಥದ್ದು ಅಲ್ಲಿ ಏನಾದರೂ ಇದೆಯೆಂದು ನನಗೆ ತಿಳಿದದ್ದು ಅವರ ಕಾರಿನಲ್ಲಿ ಕೂತ ಮೇಲೆ. ಬೋವಿಕ್ಕಾನ ದಾಟಿ ಪದವು ಬರುತ್ತದೆ, ಕೆಂಪು ಕಲ್ಲಿನ ಬಟ್ಟ ಬಯಲು. ಏಪ್ರಿಲಿನಲ್ಲಿ ಕಾಲಿಟ್ಟರೆ ಸುಡುವ ಆ ಕಲ್ಲು ಜುಲೈಯಲ್ಲಿ ಹುಲ್ಲು ಹೊದ್ದು, ಹೊಂಡಹೊಂಡಗಳಲ್ಲಿ ನೀರು ತುಂಬಿ, ನೀರಿನ ಬದಿಯಲ್ಲಿ ಸಾಸಿವೆಯಷ್ಟು ಸಣ್ಣ ನೀಲಿ ಹೂ ಬಿಟ್ಟು ನಿಂತಿರುತ್ತಿತ್ತು. ದೊಡ್ಡ ಟೀಚರು ಅಲ್ಲಿ ಇಳಿದು, ಅಣ್ಣನ ಹಳೆಯ ರೇನ್‌ಕೋಟು ಹಾಕಿಕೊಂಡು ನಡೆಯುತ್ತಿದ್ದರು. ಕೋಟು ಅವರ ಪಾದದವರೆಗೂ ಇಳಿಯುತ್ತಿತ್ತು.

ಒಂದು ಸಲ ಪದವಿನ ನೆತ್ತಿಯಲ್ಲಿ ಕಾಲು ಅಗಲಿಸಿ ನಿಂತು ನನ್ನನ್ನು ಕರೆದರು. “ಇಲ್ಲಿ ನೋಡು. ಈ ಕಾಲಿನ ಹತ್ತಿರದ ನೀರು ಚಂದ್ರಗಿರಿ ಹೊಳೆಗೆ ಹೋಗುದು. ಈಚೆ ಕಾಲಿನದ್ದು ಮೊಗ್ರಾಲಿಗೆ. ಮೇಲಿಂದ ಬೀಳುವಾಗ ಒಂದೇ ಮಳೆ.” ಆಮೇಲೆ, “ನಾಳೆ ಐದನೆಯ ಕ್ಲಾಸಿಗೆ ಇದನ್ನು ಹೇಳು. ಪುಸ್ತಕ ತೆಗೀಬೇಡ” ಎಂದರು. ಮರುದಿನ ನಾನು ಕ್ಲಾಸಿನ ಬಾಗಿಲಲ್ಲಿ ಕಾಲು ಅಗಲಿಸಿ ನಿಂತು ಅದನ್ನು ಹೇಳಿದೆ. ಭೂಗೋಳದ ಪಾಠದಲ್ಲಿ ಮಕ್ಕಳು ಪ್ರಶ್ನೆ ಕೇಳಿದ್ದು ಅದೇ ಮೊದಲು.

ಜನ ಸುಮ್ಮನಿರಲಿಲ್ಲ. ಗುಡ್ಡೆಯಲ್ಲಿ ಅವರಿಗೆ ಗುಟ್ಟಿನ ಜಾಗ ಉಂಟು ಎಂದು ಕೆಲವರು, ಯಾರೋ ಸನ್ಯಾಸಿಯನ್ನು ಕಾಣಲು ಹೋಗುವುದೆಂದು ಕೆಲವರು. ಕೊನೆಗೆ ಶಾಲೆಯ ಮ್ಯಾನೇಜರರು ಬಂದು ಎದುರು ಕೂತರು. ಒಳ್ಳೆಯ ಮನುಷ್ಯರೇ, ಆದರೆ ಊರಿನ ಮಾತಿಗೆ ಅಂಜುವವರು.

“ಟೀಚರ್, ಜನ ಮಾತಾಡ್ತಾರೆ. ಮದುವೆ ಆಗದ ಹುಡುಗಿಯನ್ನು ಕೂರಿಸಿಕೊಂಡು ಪ್ರತಿ ವಾರ ಗುಡ್ಡೆಗೆ ಹೋಗುದು ಎಂತಕ್ಕೆ ಅಂತ.”

“ನೋಡ್ಲಿಕ್ಕೆ.”

“ಎಂತ ನೋಡ್ಲಿಕ್ಕೆ?”

“ಹೇಳಿದರೆ ನಿಮಗೆ ನಂಬಿಕೆ ಬರ್ಲಿಕ್ಕಿಲ್ಲ. ಬರುವ ಭಾನುವಾರ ನೀವೇ ಬನ್ನಿ. ಹಿಂದೆ ಕಲ್ಯಾಣಿಯ ಪಕ್ಕದಲ್ಲಿ ಜಾಗ ಉಂಟು.”

ಅವರು ಬರಲಾರರೆಂದು ನಾನು ಎಣಿಸಿದ್ದೆ. ಬಂದರು. ಕರಿ ಕೋಟು ಹಾಕಿ, ಕೊಡೆಯನ್ನು ಮೊಣಕಾಲ ನಡುವೆ ನಿಲ್ಲಿಸಿ, ಮುಳ್ಳೇರಿಯಾದವರೆಗೆ ನೆಟ್ಟಗೆ ಕೂತಿದ್ದರು. ಅಲ್ಲಿಂದ ಮೇಲೆ ಒಂದು ತಿರುವಿನಲ್ಲಿ ಕಾರು ನಿಲ್ಲಿಸಿ ಎಲ್ಲರೂ ಇಳಿದೆವು. ಸುತ್ತ ಬಿಳಿ ಮೋಡ, ಏನೂ ಕಾಣದು. ಕಲ್ಯಾಣಿ ಚಹಾ ಕೊಟ್ಟಳು. ಆಗ ಕೆಳಗಿನ ಮೋಡ ಒಂದು ಕಡೆಯಿಂದ ಹರಿಯಿತು. ತಳದಲ್ಲಿ ಕೆಂಪು ಹೊಳೆ, ಅದರ ಬಳಸು, ಆಚೆ ಗುಡ್ಡೆಯ ಹಿಂದೆ ಗುಡ್ಡೆ. ಐದು ನಿಮಿಷ ಇತ್ತೋ ಇಲ್ಲವೋ, ಮತ್ತೆ ಮುಚ್ಚಿತು. ಮ್ಯಾನೇಜರರ ಕೊಡೆ ಓರೆಯಾಗಿ ಲೋಟದೊಳಗೆ ಮಳೆ ಬೀಳುತ್ತಿತ್ತು. ಅವರಿಗೆ ಗೊತ್ತಾಗಲಿಲ್ಲ. ಸೋಮವಾರ ಶಾಲೆಗೆ ಬಂದವರು ಬಾಗಿಲಲ್ಲೇ ನಿಂತು, “ಟೀಚರ್, ಆ ಕೊನೆಯ ಗುಡ್ಡೆಯ ಹೆಸರು ಎಂತ?” ಎಂದು ಕೇಳಿದರು. ಆಮೇಲೆ ಆ ವಿಷಯದಲ್ಲಿ ಅವರು ಮಾತೆತ್ತಲಿಲ್ಲ.

ಕಾರು ಬಿಡುವುದರಲ್ಲಿ ಅವರಿಗೆ ಧೈರ್ಯ ಇತ್ತು, ಹುಂಬತನ ಇರಲಿಲ್ಲ. ಆ ಕಾಲದಲ್ಲಿ ಗುಡ್ಡೆಯ ಬದಿಯ ತೋಡುಗಳಿಗೆ ಸೇತುವೆ ಕಡಿಮೆ. ನೀರಿನ ಅಡಿಯಲ್ಲಿ ಕಲ್ಲು ಹಾಸಿ ಬಿಟ್ಟಿರುತ್ತಿದ್ದರು, ವಾಹನ ನೀರಿನಲ್ಲೇ ದಾಟಬೇಕು. ಅಂಥ ಕಡೆ ಅವರು ಇಳಿದು, ದಡದಲ್ಲಿ ನಿಂತು ನೀರನ್ನು ನೋಡುತ್ತಿದ್ದರು. ಕಲ್ಲು ಕಂಡರೆ ದಾಟುವುದು. ನೀರು ಕೆಂಪಾಗಿ ಕಲ್ಲು ಕಾಣದಿದ್ದರೆ ಕಾರು ಹಿಂದೆ. ಎಷ್ಟು ದೂರ ಬಂದಿದ್ದರೂ ಅಷ್ಟೇ. ಹಿಂದೆ ಬರುವಾಗ ಅವರ ಮುಖದಲ್ಲಿ ಬೇಸರ ಇರುತ್ತಿರಲಿಲ್ಲ. ಹೋಗುವಾಗ ನೋಡದೆ ಬಿಟ್ಟ ಬದಿಯನ್ನು ತೋರಿಸುತ್ತಾ ಬರುತ್ತಿದ್ದರು.

ನಾನು ಸೇರಿದ ಮೂರನೆಯ ವರ್ಷ, ಮಳೆ ಬಲವಾಗಿರುವ ಆಟಿ ತಿಂಗಳಿನ ಒಂದು ಶನಿವಾರ. ಶಾಲೆ ಅರ್ಧ ದಿನ. ಹನ್ನೆರಡು ಗಂಟೆಯ ಹೊತ್ತಿಗೆ ಆದೂರಿನ ಬಸ್ಸಿನ ಡ್ರೈವರು ಶಾಲೆಯ ಗೇಟಿಗೆ ಬಂದು ನನ್ನನ್ನು ಕೇಳಿದ. ಹಿಂದಿನ ದಿನ ಅಪ್ಪ ಹೊಲಿಯುತ್ತಿದ್ದಲ್ಲೇ ಬಿದ್ದಿದ್ದರು, ಒಂದು ಬದಿಯ ಕೈಕಾಲು ಹೋಗಿದೆ, ಅಮ್ಮ ಬರಲು ಹೇಳಿದ್ದಾರೆ ಎಂದ. “ಮಾತಾಡ್ತಾರೆ. ನಿಮ್ಮನ್ನೇ ಕೇಳುದಂತೆ” ಎಂದೂ ಹೇಳಿದ.

ನಾನು ಕ್ಲಾಸಿಗೆ ತಿರುಗಿ ಬಂದು ಮೇಜು ಹಿಡಿದು ನಿಂತೆ. ದೊಡ್ಡ ಟೀಚರಿಗೆ ಯಾರು ಹೇಳಿದರೋ, ಅವರು ಕಲ್ಯಾಣಿಗೆ, “ಗಂಟೆ ಹೊಡಿ” ಎಂದದ್ದು ಕೇಳಿಸಿತು. ಇನ್ನೂ ಕಾಲು ಗಂಟೆ ಇತ್ತು. ಅವರ ಕಾಲದಲ್ಲಿ ಆ ಶಾಲೆಯ ಗಂಟೆ ಹೊತ್ತಿಗೆ ಮೊದಲು ಹೊಡೆದದ್ದು ಅದೊಂದೇ ಸಲ.

ಮಳೆ ಒಂದೇ ಸಮನೆ ಸುರಿಯುತ್ತಿತ್ತು. ನಾನು ವೈಪರು ತಿರುಗಿಸುತ್ತಾ ಹೋದೆ. ಅವರು ದಾರಿಯಲ್ಲಿ ಎಲ್ಲೂ ನಿಲ್ಲಿಸಲಿಲ್ಲ. ಆದೂರು ದಾಟಿ ಮಣ್ಣಿನ ಮಾರ್ಗಕ್ಕೆ ಇಳಿದು ಒಂದು ಮೈಲಿಯಷ್ಟು ಹೋದಾಗ ತೋಡು ಬಂತು. ಗಂಟೆ ಮೂರು ಆಗಿರಬೇಕು. ನೀರು ಕೆಂಪಗೆ, ಕಲ್ಲು ಕಾಣದ ಹಾಗೆ ಹರಿಯುತ್ತಿತ್ತು.

ಅವರು ಇಳಿದು ನಿಂತರು. ನಾನೂ ಇಳಿದೆ. ಅದೇ ಹೊತ್ತಿಗೆ ಆಚೆಯಿಂದ ಮರದ ದಿಮ್ಮಿ ತುಂಬಿದ ಲಾರಿಯೊಂದು ಬಂತು. ತೋಡಿಗೆ ಇಳಿಯಿತು. ಚಕ್ರದ ಅರ್ಧದವರೆಗೆ ನೀರು. ನಿಧಾನಕ್ಕೆ ಈಚೆ ಹತ್ತಿ, ನಮ್ಮನ್ನು ದಾಟಿ ಹೋಯಿತು.

“ಲಾರಿ ಬಂತಲ್ಲ ಟೀಚರ್” ಎಂದೆ.

“ಅದು ಲಾರಿ. ಅದರ ಎತ್ತರ ನೋಡು, ಭಾರ ನೋಡು. ಇದು ತೇಲ್ತದೆ.”

“ಲಾರಿ ಹೋದ ಜಾಗದಲ್ಲೇ ಹೋದರೆ ಆಯ್ತಲ್ಲ.”

“ಕಲ್ಲು ಕಾಣುದಿಲ್ಲ ಮಾರಾಯ್ತಿ. ಆಗುದಿಲ್ಲ.”

ಕಾರಿನಲ್ಲಾದರೆ ಕಾಲು ಗಂಟೆಯ ದಾರಿ ಆಚೆಗೆ ಅಪ್ಪ ಇದ್ದರು. ನಾನು ಬೇಡಿಕೊಂಡೆ. ಅವರು ತಲೆ ಆಡಿಸಿದರು. ಆಗ ನಾನು ಹೇಳಬಾರದ್ದನ್ನು ಹೇಳಿದೆ. “ನಿಮಗೆ ನಿಮ್ಮ ಕಾರು ದೊಡ್ಡದು. ನಿಮಗೆ ಯಾರೂ ಇಲ್ಲ. ನಿಮಗೆ ಇದು ಗೊತ್ತಾಗ್ಲಿಕ್ಕಿಲ್ಲ.”

ಕಲ್ಯಾಣಿ ಕಾರಿನೊಳಗಿಂದ, “ಅಕ್ಕಾ, ಎಂತ ಮಾತು ಅದು” ಎಂದಳು.

ದೊಡ್ಡ ಟೀಚರು ಕನ್ನಡಕ ತೆಗೆದು ಸೆರಗಿನಲ್ಲಿ ಒರಸಿದರು. ಸೆರಗೇ ಒದ್ದೆ, ಒರಸಿ ಪ್ರಯೋಜನ ಇರಲಿಲ್ಲ. ಕಲ್ಯಾಣಿಯನ್ನು ಮೇಲಿನ ಬೀಡಿ ಅಂಗಡಿಯವರ ಮನೆಯಲ್ಲಿ ರಾತ್ರಿಗೆ ಉಳಿಯಲು ಹೇಳಿ, ಕಾರಿಗೆ ಬೀಗ ಹಾಕಿದರು. ಸೀರೆಯನ್ನು ಮೊಣಕಾಲವರೆಗೆ ಎತ್ತಿ ಸಿಕ್ಕಿಸಿದರು. “ಕಾಲುಸಂಕ ಎಲ್ಲಿ ಉಂಟು?” ಎಂದು ಕೇಳಿದರು.

ತೋಡಿನ ಮೇಲ್ದಂಡೆಯಲ್ಲಿ ಒಂದು ಮೈಲಿ ಹೋದರೆ ಕಾಲುಸಂಕ. ಎರಡು ದಡದ ನಡುವೆ ನಾಲ್ಕು ಅಡಿಕೆ ಮರ ಜೋಡಿಸಿ ಕಟ್ಟಿದ್ದು, ಕೈಹಿಡಿಗೆ ಒಂದು ಬಿದಿರು. ಹುಟ್ಟಿದಂದಿನಿಂದ ಅಭ್ಯಾಸವಿದ್ದ ನಾನು ನಡೆದು ದಾಟಿ, ಆಚೆ ನಿಂತು ತಿರುಗಿ ನೋಡಿದೆ. ಅವರು ಒಂದು ಹೆಜ್ಜೆ ಇಟ್ಟು, ಹಿಂದೆ ತೆಗೆದರು. ಮತ್ತೆ ಇಟ್ಟರು. ಮುಖ ಬಿಳಿಚಿತ್ತು. ಅವರಿಗೆ ಅಷ್ಟು ಹೆದರಿಕೆ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಕೊನೆಗೆ ಅವರು ಕೂತುಬಿಟ್ಟರು. ಕುದುರೆಯ ಮೇಲೆ ಕೂತ ಹಾಗೆ ಎರಡೂ ಕಡೆ ಕಾಲು ಇಳಿಬಿಟ್ಟು, ಮುಂದೆ ಕೈಯೂರಿ, ಒಂದೊಂದೇ ಗೇಣು ಸರಿಯುತ್ತಾ ಬಂದರು. ದಡದ ಗದ್ದೆಯಲ್ಲಿ ನಾಲ್ಕೈದು ಗಂಡಸರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ನಾನಿದ್ದ ದಡ ತಲುಪಿ, ಸೀರೆಯ ಕೆಸರು ಕೊಡವಿ, “ನಡಿ” ಎಂದರು.

ಅಲ್ಲಿಂದ ಗದ್ದೆಯ ಅಂಚಿನ ಹುಣಿಯಲ್ಲಿ, ಗುಡ್ಡೆಯ ಬದಿಯಲ್ಲಿ ಮೂರು ಮೈಲಿಗೂ ಮಿಕ್ಕಿದ ದಾರಿ. ನಾನು ಮುಂದೆ ಮುಂದೆ ಹೋದೆ, ಒಮ್ಮೆಯೂ ತಿರುಗಿ ನೋಡಲಿಲ್ಲ. ಮನೆ ತಲುಪುವಾಗ ಅಮ್ಮ ದೀಪ ಹಚ್ಚುತ್ತಿದ್ದರು. ನಾಲ್ಕು ಗಂಟೆಯವರೆಗೂ ಅಪ್ಪ ಮಾತಾಡಿದ್ದರು. ನನ್ನ ಹೆಸರು ಹೇಳುತ್ತಿದ್ದರು. ಆಮೇಲೆ ಇನ್ನೊಮ್ಮೆ ಮೈ ಅದುರಿ ಮಾತು ನಿಂತಿತ್ತು. ನಾನು ಪಕ್ಕದಲ್ಲಿ ಕೂತಾಗ ಸ್ವಾಧೀನವಿದ್ದ ಕೈಯಿಂದ ನನ್ನ ಬೆರಳು ಹಿಡಿದರು. ಕಣ್ಣು ನನ್ನನ್ನು ಗುರುತಿಸಿತು. ಬಾಯಿ ಏನೋ ಹೇಳಲು ನೋಡಿತು.

ಅಷ್ಟರಲ್ಲಿ ದೊಡ್ಡ ಟೀಚರು ಬಂದರು. ಅಮ್ಮ ಕೊಟ್ಟ ಒಣ ಸೀರೆ ಉಟ್ಟು ಅಪ್ಪನ ಇನ್ನೊಂದು ಬದಿಯಲ್ಲಿ ಕೂತರು. ಹಿಂದೆ ಒಮ್ಮೆ ನಾವು ಅಲ್ಲಿಗೆ ಹೋಗಿದ್ದಾಗ ಅಪ್ಪ ಅವರ ರೇನ್‌ಕೋಟನ್ನು ಮೊಟಕು ಮಾಡಿಕೊಡುತ್ತೇನೆ ಎಂದಿದ್ದರು, ಅಷ್ಟೇ ಪರಿಚಯ. ಅವರು ಶಾಲೆಯಲ್ಲಿ ಎಂದೂ ಆಡದ ತುಳುವಿನಲ್ಲಿ, ಗೆಳೆಯನೊಬ್ಬನಿಗೆ ಹೇಳುವ ಹಾಗೆ ಅಪ್ಪನಿಗೆ ಹೇಳತೊಡಗಿದರು: ನಿಮ್ಮ ಮಗಳು ನಡೆದು ಬಂದಳು, ನಾನು ಕೂತು ಬಂದೆ. ನಡುವಿನಲ್ಲಿ ನನ್ನ ಒಂದು ಚಪ್ಪಲಿ ನೀರಿಗೆ ಬಿತ್ತು. ಇನ್ನೊಂದನ್ನು ಇಟ್ಟುಕೊಂಡು ಎಂತ ಮಾಡುವುದೆಂದು ಅದನ್ನೂ ಬಿಟ್ಟೆ. ಈಗ ಎರಡೂ ಚಂದ್ರಗಿರಿ ಕೋಟೆ ನೋಡಲು ಹೋಗುತ್ತಿರಬಹುದು.

ಅಪ್ಪನ ಮುಖದ ಒಂದು ಬದಿ ಮೆಲ್ಲಗೆ ಮೇಲಕ್ಕೆ ಹೋಯಿತು. ಗಂಟಲಿನಿಂದ ಸಣ್ಣ ಸದ್ದು ಬಂತು. ಅಮ್ಮ, “ನಗಾಡಿದರು” ಎಂದು ನನ್ನ ಭುಜ ಹಿಡಿದುಕೊಂಡರು. ಅದು ಅಪ್ಪನ ಕೊನೆಯ ನಗು. ನನಗೆ ಮಾತು ಸಿಗದಲ್ಲಿ ಇವರಿಗೆ ನಗು ಸಿಕ್ಕಿತಲ್ಲ ಎಂದು ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು.

ಅವರು ಮರುದಿನ ಬೆಳಿಗ್ಗೆ ಗಂಜಿ ಬೇಯಿಸಿಟ್ಟು, ಅಮ್ಮನಿಗೆ ಹೇಳಿ, ಬರಿಗಾಲಿನಲ್ಲಿ ಹೊರಟರು. ನಾನು ಒಳಗಿಂದ ಏಳಲಿಲ್ಲ. ಅಪ್ಪ ಮಂಗಳವಾರ ಹೋದರು.

ಉತ್ತರಕ್ರಿಯೆಯ ಬೊಜ್ಜ ಮುಗಿಸಿ ಶಾಲೆಗೆ ಬಂದ ಮೇಲೆ ನಾನು ಅವರ ಹತ್ತಿರ ಶಾಲೆಯ ಮಾತು ಬಿಟ್ಟು ಬೇರೆ ಆಡಲಿಲ್ಲ. ಅವರು ವಿವರಣೆ ಕೊಡಲಿಲ್ಲ, ನನ್ನನ್ನು ಓಲೈಸಲೂ ಇಲ್ಲ. ಮೊದಲಿನಷ್ಟೇ ಕೆಲಸ, ಮೊದಲಿನ ಹಾಗೇ ತಪ್ಪು ಕಂಡಲ್ಲಿ ತಿದ್ದುವುದು. ಭಾನುವಾರ ಬೆಳಿಗ್ಗೆ ಚಿಕ್ಕಮ್ಮನ ಮನೆಯ ಎದುರು ಕಾರು ನಿಧಾನವಾಗುತ್ತಿತ್ತು. ಹಾರ್ನ್ ಇಲ್ಲ. ಒಂದು ಗಳಿಗೆ ಹಾಗೆ ಇದ್ದು ಮುಂದೆ ಹೋಗುತ್ತಿತ್ತು. ನಾನು ಬಾಗಿಲ ಹಿಂದೆ ನಿಂತಿರುತ್ತಿದ್ದೆ. ಆ ಮಳೆಗಾಲ ಮುಗಿಯುವವರೆಗೆ ಒಂದು ಭಾನುವಾರವೂ ಅವರು ನಿಧಾನಿಸದೆ ಹೋಗಲಿಲ್ಲ.

ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಆ ತೋಡಿನಲ್ಲಿ ನೀರು ಪಾದದಷ್ಟೂ ಇರಲಿಲ್ಲ. ರಸ್ತೆ ಕೆಲಸದವರು ಕಲ್ಲು ತುಂಬುತ್ತಿದ್ದರು. ನಡುವಿನಲ್ಲಿ, ವಾಹನ ಹೋಗುವ ಜಾಗದಲ್ಲೇ ಹಾಸುಗಲ್ಲು ಕಿತ್ತುಹೋಗಿ ಆಳೆತ್ತರದ ಹೊಂಡ. ಯಾವಾಗ ಹೋದದ್ದೆಂದು ಕೇಳಿದೆ. “ಹೋದ ಆಟಿಯಲ್ಲಿ” ಎಂದರು. ಆಟಿಯಲ್ಲಿ ಯಾವ ದಿನವೆಂದು ಅವರಿಗೆ ತಿಳಿಯದು. ನಾನು ಆ ಹೊಂಡದ ಬದಿಯಲ್ಲಿ ತುಂಬ ಹೊತ್ತು ನಿಂತಿದ್ದೆ.

ಶಾಲೆ ಶುರುವಾದ ದಿನ ಎಲ್ಲರೂ ಹೋದ ಮೇಲೆ ಅವರ ಕೋಣೆಗೆ ಹೋದೆ.

“ಟೀಚರ್, ಆ ತೋಡಿನ ನಡುವಿನಲ್ಲಿ ಹೊಂಡ ಬಿದ್ದಿತ್ತು. ಆಳು ಮುಳುಗುವಷ್ಟು. ನೋಡಿ ಬಂದೆ.”

ಅವರು ಪೆನ್ನು ಕೆಳಗಿಟ್ಟರು. “ನಾವು ಹೋದ ದಿನ ಇತ್ತಾ?”

“ಅದು ಯಾರಿಗೂ ಗೊತ್ತಿಲ್ಲ.”

“ಇಲ್ಲದಿರ್ಲಿಕ್ಕೂ ಸಾಕು” ಎಂದರು. “ನಮ್ಮ ಕಣ್ಣೆದುರೇ ಲಾರಿ ದಾಟಿತಲ್ಲ. ನಾನು ಎಷ್ಟೋ ಸಲ ಯೋಚನೆ ಮಾಡಿದ್ದೇನೆ. ನಾವೂ ದಾಟ್ತಿದ್ದೆವೋ ಏನೋ. ನಿನ್ನ ಅಪ್ಪನ ಮಾತು ನಿನಗೆ ಸಿಗ್ತಿತ್ತೋ ಏನೋ. ಆ ಹೊಂಡವನ್ನು ನನ್ನ ಪರವಾಗಿ ಸಾಕ್ಷಿ ಹೇಳಿಸ್ಬೇಡ.”

ನಾನು ಅವರನ್ನು ಕ್ಷಮಿಸಲು ಒಂದು ಕಾರಣ ಹಿಡಿದುಕೊಂಡು ಹೋಗಿದ್ದೆ. ಆ ಕಾರಣವನ್ನೇ ಅವರು ತಿರುಗಿ ನನ್ನ ಕೈಗೆ ಕೊಟ್ಟರು. ಎಷ್ಟು ಸುಲಭ ಇತ್ತು ಅವರಿಗೆ, ‘ನೋಡು, ನಾನು ಅಂದೇ ಹೇಳಿದ್ದೆನಲ್ಲ’ ಎನ್ನುವುದು. ನನ್ನ ಕಣ್ಣಲ್ಲಿ ನೀರು ಬಂತು. ಅಂದು ಆಡಿದ್ದು ತಪ್ಪಾಯಿತು ಎಂದೆ.

“ಯಾರೂ ಇಲ್ಲ ಅಂದದ್ದು ಸುಳ್ಳಲ್ಲ” ಎಂದು ಅವರು ಪೆನ್ನಿನ ಮುಚ್ಚಳ ಹಾಕಿದರು. “ಕಾರು ದೊಡ್ಡದು ಅಂದೆಯಲ್ಲ, ಅದು ಮಾತ್ರ ಸುಳ್ಳು. ಭಾನುವಾರ ಬರ್ತೀಯಾ? ಕಲ್ಯಾಣಿಗೆ ವೈಪರು ತಿರುಗಿಸ್ಲಿಕ್ಕೆ ಬರುದಿಲ್ಲ. ನಿದ್ದೆ ಮಾಡ್ತಾಳೆ.”

ಆ ಭಾನುವಾರ ಹೋದೆ. ಆಮೇಲೆ ಮದುವೆಯಾಗಿ, ಮಗಳು ಹುಟ್ಟಿ, ಅವರು ಶಾಲೆಯಿಂದ ನಿವೃತ್ತರಾದ ಮೇಲೂ, ಮಳೆಗಾಲದಲ್ಲಿ ಆದಷ್ಟು ಭಾನುವಾರ ಹೋದೆ.

ಕಾಸರಗೋಡು ಕೇರಳಕ್ಕೆ ಸೇರಿದ ಮರುವರ್ಷದ ಮಳೆಗಾಲ. ನಾಯ್ಮಾರ್ಮೂಲೆ ದಾಟಿದ ಮೇಲೆ ಒಬ್ಬ ಸೊಪ್ಪಿನ ಹೊರೆ ಹೊತ್ತು ರಸ್ತೆಯ ಬದಿಯಲ್ಲಿ ಬರುತ್ತಿದ್ದ. ಕಾರು ಅವನ ಪಕ್ಕದಿಂದ, ಹೊರೆಯ ಸೊಪ್ಪು ಗಾಜಿಗೆ ಸವರುವಷ್ಟು ಹತ್ತಿರದಿಂದ ಹೋಯಿತು. ಅವನಿಗೆ ಏನೂ ಆಗಲಿಲ್ಲ. ಅವರು ಬದಿಗೆ ನಿಲ್ಲಿಸಿದರು.

“ಈಗ ಹೋದದ್ದು ಮನುಷ್ಯನಾ?”

“ಹೌದು ಟೀಚರ್.”

“ನನಗೆ ಪೊದೆ ಕಂಡದ್ದು.”

ಕನ್ನಡಕ ಒರಸಿ, ಹಿಂದಕ್ಕೆ ತಿರುಗಿ ಅವನನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಎಂಜಿನ್ ನಿಲ್ಲಿಸಿ, ಕೊಡೆ ತೆಗೆದುಕೊಂಡು ಇಳಿದರು. ಪರಿಚಯದ ಅಂಗಡಿಯವರನ್ನು ಕರೆದು, ಕಾರನ್ನು ಅವರ ಅಂಗಳಕ್ಕೆ ತಳ್ಳಿಸಿ ಕೀಲಿಕೈ ಕೊಟ್ಟರು. ಅಣ್ಣನ ಮಗ ಬಂದು ಕೊಂಡುಹೋಗುತ್ತಾನೆ ಎಂದರು. ಮತ್ತೆ ಅವರು ಕಾರು ಬಿಡಲಿಲ್ಲ.

ನಾನೂ ಕಲ್ಯಾಣಿಯೂ ಮನೆಯ ಕಡೆಗೆ ನಡೆಯಲು ತಿರುಗಿದೆವು. ಅವರು ಬಸ್ಸಿನ ಕಟ್ಟೆಯಲ್ಲಿ ನಿಂತಿದ್ದರು, ಮುಖ ಮುಳ್ಳೇರಿಯಾದ ಕಡೆಗೆ. “ಎಲ್ಲಿಗೆ ಹೋಗುದು ನೀವು? ಆದೂರಿನ ಬಸ್ಸು ಹತ್ತೂವರೆಗೆ ಉಂಟು” ಎಂದರು.

ಬಸ್ಸು ಬಂತು. ಅವರಿಗೆ ಬದಿಯ ಸೀಟು ಸಿಕ್ಕಿತು. ಮಳೆಗೆ ಬಸ್ಸಿನ ಬದಿಗಳಿಗೆಲ್ಲ ಟರ್ಪಾಲು ಇಳಿಬಿಟ್ಟಿತ್ತು, ಒಳಗೆ ಕತ್ತಲೆ. ಅವರು ತಮ್ಮ ಬದಿಯದ್ದನ್ನು ಎತ್ತಿದರು. ಇರಚಲು ಒಳಗೆ ಬಂದು ಹಿಂದಿನವರ ಮೇಲೆ ಬಿತ್ತು. ಕಂಡಕ್ಟರು ಬಂದು, “ಅಮ್ಮಾ, ಅದನ್ನು ಇಳಿಸಿ. ಎಲ್ಲರೂ ಚಂಡಿ ಆಗ್ತಾರೆ” ಎಂದ. ಇಳಿಸಿದರು. ಅವನು ಆಚೆ ಹೋದ ಮೇಲೆ ಟರ್ಪಾಲಿನ ಅಂಚನ್ನು ಎರಡು ಬೆರಳಿನಷ್ಟು ಎತ್ತಿ, ಆ ಸಂದಿಗೆ ಕಣ್ಣಿಟ್ಟು ಹೊರಗೆ ನೋಡುತ್ತಾ ಕೂತರು.

“ಪದವು ಬಂತು” ಎಂದರು ಸ್ವಲ್ಪ ಹೊತ್ತಿನ ಮೇಲೆ. “ಹಸುರು ಕಾಣ್ತದೆ.”